ಹೊಟ್ಟೆಯ ಹೊತ್ತು, ಪಾಳಿಯ ಹೊತ್ತು

ಕಳೆದ ಯುಗಾದಿಗೆ ಮನೆಗೆ ಬಂದಿದ್ದ ತಂಗಿಯ ಮಗಳು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಗಡಿಯಾರದಂತಹ ಚಕ್ರ, ಅದರಲ್ಲಿ ಹನ್ನೆರಡು ಮನೆ, ಒಂದೊಂದು ಮನೆಗೂ ದೇಹದ ಒಂದೊಂದು ಅಂಗ. ಚೀನೀ ಸಾಂಪ್ರದಾಯಿಕ ವೈದ್ಯದ 'ಅಂಗ ಗಡಿಯಾರ' ಅದು. ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯಿಂದ ಕಾರ್ಖಾನೆಯೊಂದಕ್ಕೆ ದುಡಿಯಲು ಹೋಗುವ ಹುಡುಗಿ ಆಕೆ. 'ಮಾವ, ನಮಗೆ ಕ್ಯಾಂಟೀನಿನಲ್ಲಿ ಅನ್ನ ಸಾಂಬಾರು ಬಡಿಸುವುದು ರಾತ್ರಿ ಒಂದು ಗಂಟೆಗೆ. ಇದರ ಪ್ರಕಾರ ಆ ಹೊತ್ತು ಯಕೃತ್ತಿನದಂತೆ. ಹೊಟ್ಟೆಯದು ಬೆಳಿಗ್ಗೆ ಏಳಕ್ಕೆ. ಅದಕ್ಕೇ ನನಗೆ ಎದೆಯುರಿಯೇ?' ಎಂದು ಕೇಳಿದಳು. ಅವಳ ಕೈಚೀಲದಲ್ಲಿ ಅರ್ಧ ಖಾಲಿಯಾದ ಆಸಿಡಿಟಿ ಮಾತ್ರೆಯ ಪಟ್ಟಿಯಿತ್ತು. ಮೊದಲು ವೈದ್ಯರನ್ನು ಕಾಣು ಎಂದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಚೀನೀ ಪದ್ಧತಿಯಲ್ಲಿ ದಿನವೆಂದರೆ ಎರಡೆರಡು ಗಂಟೆಯ ಹನ್ನೆರಡು ಭಾಗ. ಬೆಳಗಿನ ಐದರಿಂದ ಏಳು ದೊಡ್ಡ ಕರುಳಿನದು, ಅಂದರೆ ಶೌಚದ ಹೊತ್ತು. ಏಳರಿಂದ ಒಂಬತ್ತು ಜಠರದ್ದು. ಗಟ್ಟಿಯಾಗಿ ಉಣ್ಣಬೇಕಾದದ್ದು ಆಗ. ಆನಂತರದ ಎರಡು ಗಂಟೆ ಉಂಡದ್ದನ್ನು ಅರಗಿಸಲು ನೆರವಾಗುವ ಗುಲ್ಮದ್ದು. ರಾತ್ರಿ ಹನ್ನೊಂದರಿಂದ ಮೂರರವರೆಗೆ ಪಿತ್ತಕೋಶ ಮತ್ತು ಯಕೃತ್ತಿನ ಕಾಲ, ಮನುಷ್ಯ ಮಲಗಿರಲೇಬೇಕು. ನನ್ನ ಸೊಸೆಯಾದರೋ ಜಠರದ ಹೊತ್ತಿನಲ್ಲಿ ಬಸ್ಸಿನ ಕಿಟಕಿಗೆ ತಲೆಯಿಟ್ಟು ನಿದ್ರಿಸುತ್ತಿರುತ್ತಾಳೆ.

ಈ ಚಕ್ರವನ್ನು ಅಕ್ಷರಶಃ ನಂಬಬೇಕಾಗಿಲ್ಲ. 'ಚಿ' ಎಂಬ ಪ್ರಾಣಶಕ್ತಿ ಗಂಟೆ ಬಾರಿಸಿದಂತೆ ಅಂಗದಿಂದ ಅಂಗಕ್ಕೆ ಹರಿಯುತ್ತದೆ ಎಂಬುದಕ್ಕೆ ಪ್ರಯೋಗಾಲಯದ ಆಧಾರವಿಲ್ಲ. ನಮ್ಮ ಆಯುರ್ವೇದದ ಲೆಕ್ಕವೂ ಬೇರೆ. ಅದರಂತೆ ಜಠರಾಗ್ನಿ ಉರಿಯುವುದು ನಡುಹಗಲಿನಲ್ಲಿ. ಎರಡು ಪರಂಪರೆಗಳು ದೊಡ್ಡ ಊಟದ ಸಮಯದಲ್ಲೇ ಒಮ್ಮತಕ್ಕೆ ಬಂದಿಲ್ಲವೆಂದರೆ ಎರಡರ ಗಂಟೆಗಳನ್ನೂ ಸಡಿಲವಾಗಿ ಹಿಡಿಯುವುದೇ ಲೇಸು. ಆದರೆ ಸೂರ್ಯನಿರುವಾಗ ಉಣ್ಣು, ನಡುರಾತ್ರಿ ಉಣ್ಣಬೇಡ ಎಂಬಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಕೋಲಾರ ಸೀಮೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಮುದ್ದೆ, ಬಸ್ಸಾರು ಮುಗಿಸುತ್ತಿದ್ದ ನಮ್ಮ ಅಜ್ಜಿ ಯಾವ ಗ್ರಂಥವನ್ನೂ ಓದಿದವಳಲ್ಲ. ಸೀಮೆಎಣ್ಣೆ ಉಳಿಸುವುದು ಅವಳ ಉದ್ದೇಶವಾಗಿತ್ತೆಂದು ನನ್ನ ಗುಮಾನಿ.

ವಿಜ್ಞಾನ ಈ ವಿಷಯಕ್ಕೆ ಬೇರೆಯೇ ದಾರಿಯಿಂದ ಬಂದಿದೆ. ಜೀವಕೋಶದೊಳಗಿನ ಗಡಿಯಾರದ ಕೀಲುಗಳನ್ನು ಬಿಡಿಸಿ ತೋರಿಸಿದ ಹಾಲ್, ರಾಸ್‌ಬ್ಯಾಶ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ದೊರೆಯಿತು. ಮಿದುಳಿನ ಗಡಿಯಾರವನ್ನು ಬೆಳಕು ತಿದ್ದಿದರೆ, ಯಕೃತ್ತು ಮತ್ತು ಕರುಳಿನ ಗಡಿಯಾರಗಳನ್ನು ಊಟದ ವೇಳೆ ತಿದ್ದುತ್ತದೆ. ರಾತ್ರಿಯಲ್ಲಿ ಜಠರ ನಿಧಾನವಾಗಿ ಖಾಲಿಯಾಗುತ್ತದೆ, ಕರುಳಿನ ಚಲನೆ ಕುಗ್ಗುತ್ತದೆ, ರಕ್ತದ ಸಕ್ಕರೆಯನ್ನು ನಿಭಾಯಿಸುವ ಶಕ್ತಿಯೂ ಇಳಿಯುತ್ತದೆ. ಪಾಳಿ ದುಡಿಮೆಯವರಲ್ಲಿ ಅಜೀರ್ಣ, ಹುಣ್ಣು, ಮಲಬದ್ಧತೆಯ ದೂರು ಹೆಚ್ಚೆಂಬುದು ವೈದ್ಯರಿಗೆ ಹಳೆಯ ಸುದ್ದಿ.

ನಮ್ಮ ಜಿಲ್ಲೆಗೆ ರಾತ್ರಿ ಪಾಳಿಯೂ ಹಳೆಯದೇ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಹರಿದು ಬಂದದ್ದು ಕೋಲಾರದ ಚಿನ್ನದ ಗಣಿಗಳಿಗೆ. 2001ರ ಫೆಬ್ರುವರಿ 28ರಂದು ಅವು ಮುಚ್ಚಿದವು. ಆ ಕಾಲದ ಪಾಳಿ ಬಹುಮಟ್ಟಿಗೆ ಗಣಿಯ ಸುತ್ತಲ ವಸತಿಗಳ ಬದುಕಾಗಿತ್ತು. ಇಂದು ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳ ಬಸ್ಸುಗಳು ಮುಳಬಾಗಿಲು, ಶ್ರೀನಿವಾಸಪುರದ ಊರೂರಿನ ಬಾಗಿಲಿಗೇ ಬರುತ್ತವೆ. ಒಂದೇ ಮನೆಯಲ್ಲಿ ತಾಯಿ ಬೆಳಗಿನ ಹಾಲು ಹಾಕಲು ಡೇರಿಗೆ ಹೊರಟಾಗ ಮಗಳು ಕೆಲಸ ಮುಗಿಸಿ ಬಂದು ಮಲಗುತ್ತಾಳೆ. ಸಂಬಳ ಬೇಕು; ಆ ಕೆಲಸ ಬಂದದ್ದು ನಮ್ಮ ಒಣಭೂಮಿಯ ಪುಣ್ಯ. ಅದನ್ನು ಹಳಿಯುವ ಉದ್ದೇಶ ನನ್ನದಲ್ಲ.

ನನ್ನ ತಕರಾರು, 'ಹೊತ್ತಿಗೆ ಸರಿಯಾಗಿ ಉಣ್ಣಿ' ಎಂಬ ಉಪದೇಶದ ಬಗ್ಗೆ. ಪತ್ರಿಕೆಯ ಆರೋಗ್ಯ ಅಂಕಣದಿಂದ ಹಿಡಿದು ಆ ಚೀನೀ ಚಕ್ರದವರೆಗೆ ಎಲ್ಲವೂ ಊಟದ ಹೊತ್ತು ಉಣ್ಣುವವರ ಕೈಯಲ್ಲಿದೆ ಎಂದೇ ಭಾವಿಸುತ್ತವೆ. ಪ್ರತಿವಾರ ಪಾಳಿ ಬದಲಾಗುವ ಹುಡುಗಿಯ ಕೈಯಲ್ಲಿ ಅದು ಎಲ್ಲಿದೆ? ಕಾರ್ಖಾನೆ ಕಾಯ್ದೆಗೆ ಕರ್ನಾಟಕ 2023ರಲ್ಲಿ ತಂದ ತಿದ್ದುಪಡಿ ದಿನಕ್ಕೆ 12 ಗಂಟೆಯವರೆಗಿನ ದುಡಿಮೆಗೂ ಮಹಿಳೆಯರ ರಾತ್ರಿ ಪಾಳಿಗೂ ದಾರಿ ತೆರೆಯಿತು. ಆಗ ವಾಹನ, ಸುರಕ್ಷತೆಯ ಮಾತಾಯಿತು, ಆಗಬೇಕಾದದ್ದೇ. ಹೊಟ್ಟೆಯ ಮಾತನ್ನು ಮಾತ್ರ ನಾನು ಎಲ್ಲೂ ಕೇಳಲಿಲ್ಲ.

ಮಾಡಬಹುದಾದದ್ದು ದುಬಾರಿಯೇನಲ್ಲ. ಅಮೆರಿಕದ ಬೋಸ್ಟನ್ನಿನಲ್ಲಿ 19 ಜನರನ್ನು ಕೃತಕ ರಾತ್ರಿ ಪಾಳಿಯಲ್ಲಿಟ್ಟು ನಡೆಸಿದ ಪ್ರಯೋಗವೊಂದು 2021ರಲ್ಲಿ ಪ್ರಕಟವಾಯಿತು. ರಾತ್ರಿಯೂ ಉಂಡವರ ಸಕ್ಕರೆ ಸರಾಸರಿ ಶೇ 6.4ರಷ್ಟು ಏರಿತು, ಹಗಲಷ್ಟೇ ಉಂಡವರಲ್ಲಿ ಏರಲಿಲ್ಲ. ಚಿಕ್ಕ ಪ್ರಯೋಗ, ನಿಜ. ಯಂತ್ರದ ಮುಂದೆ ನಿಂತು ದುಡಿಯುವವರು ಇಡೀ ರಾತ್ರಿ ಉಪವಾಸವಿರಬೇಕೆಂದು ನಾನು ಹೇಳಲಾರೆ. ಆದರೆ ದೊಡ್ಡ ಊಟವನ್ನು ಪಾಳಿ ಆರಂಭಕ್ಕೇ ಬಡಿಸಿ, ನಡುರಾತ್ರಿ ಅಂಬಲಿಯನ್ನೋ ಮಜ್ಜಿಗೆಯನ್ನೋ ಕೊಟ್ಟು, ಬೆಳಿಗ್ಗೆ ಬಸ್ಸು ಹತ್ತುವ ಮುನ್ನ ಬಿಸಿ ತಿಂಡಿ ಕೊಡಲು ಕ್ಯಾಂಟೀನಿನ ವೇಳಾಪಟ್ಟಿ ತಿದ್ದಿದರೆ ಸಾಕು. ಪಾಳಿ ಬದಲಿಸುವಾಗಲೂ ಬೆಳಗಿನಿಂದ ಸಂಜೆಗೆ, ಸಂಜೆಯಿಂದ ರಾತ್ರಿಗೆ ಮುಂದಕ್ಕೆ ತಿರುಗಿಸಿದರೆ ದೇಹ ಹೆಚ್ಚು ಸಹಿಸುತ್ತದೆ. ಇವನ್ನು ಕಾರ್ಮಿಕ ಇಲಾಖೆ ಕೇಳಬೇಕು, ಸಂಘಗಳು ಕೇಳಬೇಕು.

ಸೊಸೆ ಈಗ ಸಂಜೆ ಮುದ್ದೆ ಉಂಡೇ ಬಸ್ಸು ಹತ್ತುತ್ತಾಳಂತೆ. ಒಂದು ಗಂಟೆಯ ಅನ್ನವನ್ನು ಬಿಟ್ಟರೆ ಮೇಲ್ವಿಚಾರಕರು ಯಾಕೆಂದು ವಿಚಾರಿಸುತ್ತಾರಂತೆ. ಬರುವ ಸೋಮವಾರದಿಂದ ಅವಳಿಗೆ ಬೆಳಗಿನ ಪಾಳಿ, ನಾಲ್ಕೂವರೆಗೆ ಏಳಬೇಕು.