ಶಬ್ದವೂ ಸಂದರ್ಭವೂ

ಶಬ್ದದ ಅರ್ಥವನ್ನು ನಿಘಂಟು ಹೇಳುತ್ತದೆ. ಅದರ ಬಾಳನ್ನು ತೋರುವುದು ಪದಪ್ರಯೋಗಕೋಶ. ಗ್ರಂಥವೊಂದರಲ್ಲಿ ಆ ಶಬ್ದ ಎಲ್ಲೆಲ್ಲಿ ಬಂದಿದೆ, ಅದರ ಹಿಂದುಮುಂದಿನ ಮಾತುಗಳಾವುವು ಎಂಬುದನ್ನು ಸಾಲುಸಾಲಾಗಿ ಜೋಡಿಸಲು ಹಿಂದಿನ ವಿದ್ವಾಂಸರು ಚೀಟಿಗಳ ರಾಶಿಯ ನಡುವೆ ಆಯುಷ್ಯವನ್ನೇ ಸವೆಸಿದರು. ಇಟಲಿಯ ಪಾದ್ರಿ ರೊಬೆರ್ತೊ ಬೂಸಾ ಅವರು ಥಾಮಸ್ ಅಕ್ವಿನಾಸನ ಕೃತಿಗಳಿಗೆ ಇಂತಹ ಸೂಚಿಯನ್ನು ರಚಿಸಲು 1949ರಲ್ಲಿ ಐಬಿಎಂ ಸಂಸ್ಥೆಯ ನೆರವು ಬೇಡಿದರು. 1974ರಿಂದ 1980ರವರೆಗೆ ಅದು 56 ಸಂಪುಟಗಳಾಗಿ ಅಚ್ಚಾಯಿತು. ಅದೇ ಸಂಸ್ಥೆಯ ಹ್ಯಾನ್ಸ್ ಪೀಟರ್ ಲೂನ್, ಮುಖ್ಯಪದವನ್ನು ನಡುವೆ ನಿಲ್ಲಿಸಿ ಸಂದರ್ಭವನ್ನು ಇಕ್ಕೆಲಗಳಲ್ಲಿಡುವ ಯಾಂತ್ರಿಕ ಕ್ರಮವನ್ನು 1950ರ ದಶಕದ ಕೊನೆಯಲ್ಲಿ ಬಳಕೆಗೆ ತಂದರು.

ಇಂದು ಯೂನಿಕ್ಸ್ ಪರಂಪರೆಯ ಗಣಕದಲ್ಲಿ ‘ಪಿಟಿಎಕ್ಸ್’ ಎಂಬ ಒಂದೇ ಸಾಲಿನ ಆದೇಶ ಈ ಕೆಲಸವನ್ನು ಮಾಡುತ್ತದೆ. ಸಾದಾ ಪಠ್ಯದ ಕಡತವನ್ನೂ ಕೈಬಿಡಬೇಕಾದ ಸಾಮಾನ್ಯ ಪದಗಳ ಪಟ್ಟಿಯನ್ನೂ ಒಪ್ಪಿಸಿದರೆ, ಉಳಿದ ಪದಗಳನ್ನೆಲ್ಲ ವರ್ಣಾನುಕ್ರಮವಾಗಿ ಸಂದರ್ಭಸಹಿತ ಮುಂದಿಡುತ್ತದೆ.

ಆದರೆ ಯಂತ್ರವು ರೂಪವನ್ನು ಬಲ್ಲದೇ ಹೊರತು ಅರ್ಥವನ್ನಲ್ಲ. ಕನ್ನಡದ ‘ಮನೆಗೆ’, ‘ಮನೆಯಲ್ಲಿ’ ಎಂಬುವು ಅದಕ್ಕೆ ಬೇರೆ ಬೇರೆ ಪದಗಳು. ದೊರೆಯೆಂಬ ‘ಅರಸು’, ಹುಡುಕೆಂಬ ‘ಅರಸು’ ಎರಡೂ ಒಂದೇ. ಇವನ್ನು ಕೂಡಿಸಿ ಬೇರ್ಪಡಿಸುವ ವಿವೇಕ ಓದುಗನದು.

ಆದುದರಿಂದಲೇ ವಿದ್ಯಾರ್ಥಿಗಳು ಒಂದು ಪಾಠಕ್ಕಾದರೂ ಇಂತಹ ಸೂಚಿಯನ್ನು ತಾವೇ ಸಿದ್ಧಪಡಿಸಬೇಕೆಂಬುದು ನನ್ನ ಅಭಿಮತ. ಸಂದರ್ಭದಿಂದ ಕಿತ್ತ ಅರೆಮಾತನ್ನು ಹಿಡಿದು ಹಿರಿಯರನ್ನು ಹೊಗಳುವ, ತೆಗಳುವ ಚಾಳಿ ಹಬ್ಬಿರುವ ಈ ಕಾಲದಲ್ಲಿ, ಪ್ರತಿ ಮಾತನ್ನೂ ಅದರ ನೆರೆಹೊರೆಯೊಡನೆ ಕಾಣುವ ಅಭ್ಯಾಸವು ಓದಿನ ಮೊದಲ ಪ್ರಾಮಾಣಿಕತೆಯಾಗಿದೆ.