ಬೆಳಕು ಯಾವ ಕಡೆಯಿಂದ?

ಚಾಮುಂಡಿ ಬೆಟ್ಟವನ್ನು ಮೆಟ್ಟಿಲ ದಾರಿಯಲ್ಲಿ ಹತ್ತುವವರಲ್ಲಿ ಮೂರು ವರ್ಗಗಳುಂಟು. ಹರಕೆ ಹೊತ್ತವರು ಮೊದಲನೆಯವರು. ಇವರು ಒಂದೊಂದು ಮೆಟ್ಟಿಲಿಗೂ ಬಾಗಿ ಅರಿಶಿನ ಕುಂಕುಮವಿಟ್ಟು ಮೇಲೇರುವರು. ವೈದ್ಯರ ಅಪ್ಪಣೆ ಹೊತ್ತವರು ಎರಡನೆಯವರು. ಇವರು ದೇವಿಯನ್ನು ನೆನೆಯುವುದಕ್ಕಿಂತ ಹೆಚ್ಚಾಗಿ ತಮ್ಮ ರಕ್ತದಲ್ಲಿನ ಸಕ್ಕರೆಯನ್ನು ನೆನೆಯುತ್ತ ಹತ್ತುವರು. ಬಾಳೆಯ ಹಣ್ಣಿನ ಚೀಲವನ್ನು ಹೊತ್ತು ಬಂದು, ಅದನ್ನು ಕೋತಿಗಳಿಗೆ ಒಪ್ಪಿಸಿ ಹೋಗುವ ಪ್ರವಾಸಿಗಳು ಮೂರನೆಯವರು. ಈಗ ಇವರ ಜೊತೆಗೆ ನಾಲ್ಕನೆಯ ವರ್ಗವೊಂದನ್ನೂ ಸೇರಿಸಿಕೊಳ್ಳಬಹುದು. ಇವರ ಹೆಗಲ ಮೇಲೆ ಹರಕೆಯೂ ಇಲ್ಲ, ಹಣ್ಣೂ ಇಲ್ಲ. ಚೀಲದೊಳಗೆ ಗಾಜಿನ ತೆಳುವಾದ ಹಲಗೆಯೊಂದು, ಮತ್ತು ಶಾಯಿಯಿಲ್ಲದ ಲೇಖನಿಯೊಂದು ಇರುತ್ತದೆ. ಇವರು ಚಿತ್ರ ಬರೆಯುವ ಹುಡುಗರು.

ಟ್ಯಾಬ್ಲೆಟ್ ಎಂದು ಕರೆಯಲ್ಪಡುವ ಈ ಹಲಗೆ ನಮ್ಮ ಹಿರಿಯರು ಅಕ್ಷರ ತಿದ್ದಿದ ಸ್ಲೇಟಿಗಿಂತ ಬಹಳ ದೊಡ್ಡದೇನೂ ಅಲ್ಲ. ಆದರೆ ಅದರ ಲೇಖನಿಯ ಸೂಕ್ಷ್ಮತೆ ಸಾಮಾನ್ಯವಾದುದಲ್ಲ. ಕೈ ಎಷ್ಟು ಒತ್ತಿತು ಎಂಬುದನ್ನು ಅದು 4096 ಮಟ್ಟಗಳಲ್ಲಿ, ಇನ್ನು ಕೆಲವು ಬಗೆಯವು 8192 ಮಟ್ಟಗಳಲ್ಲಿ ಗುರುತಿಸುತ್ತವೆ. ಹಗುರವಾಗಿ ಸವರಿದರೆ ಕೂದಲೆಳೆಯಂತಹ ಗೆರೆ, ಒತ್ತಿದರೆ ದಪ್ಪ ಗೆರೆ. ಚಿತ್ರವನ್ನು ಲೇಯರುಗಳಲ್ಲಿ, ಎಂದರೆ ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಗಳಂತಹ ಪದರಗಳಲ್ಲಿ ಬರೆಯಬಹುದು: ಗೆರೆ ಒಂದು ಪದರದಲ್ಲಿ, ಬಣ್ಣ ಇನ್ನೊಂದರಲ್ಲಿ, ನೆರಳು ಮತ್ತೊಂದರಲ್ಲಿ. ತಪ್ಪಿದರೆ ಒಂದು ಗುಂಡಿಯೊತ್ತಿ ಹಿಂದಕ್ಕೆ ಹೋಗಬಹುದು. ಇದಕ್ಕೆ ಬೇಕಾದ ಸಾಫ್ಟ್‌ವೇರ್‌ಗೆ ಹಣ ಕೊಡಲೇಬೇಕೆಂದೂ ಇಲ್ಲ. ಕ್ರಿತಾ ಎಂಬುದು ಉಚಿತವಾಗಿಯೇ ದೊರೆಯುತ್ತದೆ. ಸ್ವೀಡಿಷ್ ಭಾಷೆಯಲ್ಲಿ ಆ ಮಾತಿಗೆ ಸೀಮೆಸುಣ್ಣ, ಬಣ್ಣದ ಕಡ್ಡಿ ಎಂದು ಅರ್ಥ. ಸ್ಲೇಟು ಮತ್ತು ಬಳಪ ಹೊಸ ವೇಷದಲ್ಲಿ ಮರಳಿ ಬಂದಿವೆ ಎನ್ನಬೇಕು.

ಈ ಹುಡುಗರು ಬರೆಯುವುದು ಬಹುಮಟ್ಟಿಗೆ ಪಾತ್ರಚಿತ್ರಗಳನ್ನು. ಕಥೆಗೋ, ಕಾಮಿಕ್ಸಿಗೋ, ಕಂಪ್ಯೂಟರ್ ಆಟಕ್ಕೋ ಸೇರಿದ ವ್ಯಕ್ತಿಯ ಮುಖವನ್ನು. ಧಾರಾವಾಹಿ ಓದುವ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲನೆಯ ಕಂತಿನ ಚಿತ್ರದಲ್ಲಿ ನಾಯಕಿಯ ಹುಬ್ಬು ನೋಡಿಯೇ, ಇವಳು ಮುಂದೆ ಅತ್ತೆಯ ಮಾತನ್ನು ಕೇಳುವವಳಲ್ಲ ಎಂದು ಅವರು ಊಹಿಸಬಲ್ಲರು. ಮೈಸೂರಿಗಂತೂ ಈ ವಿದ್ಯೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ಯಲ್ಲಿ ಯಾವ ದೇವತೆಗೆ ಎಷ್ಟು ಕೈಗಳು, ಯಾವ ಕೈಯಲ್ಲಿ ಯಾವ ಆಯುಧ, ಮೈಯ ಬಣ್ಣವೇನು, ವಾಹನವೇನು ಎಂಬುದನ್ನೆಲ್ಲ ಹೇಳಿ, ಅದಕ್ಕೆ ತಕ್ಕ ಚಿತ್ರಗಳನ್ನೂ ಬರೆಸಿದ್ದಾರೆ. ಮಾತಿನಲ್ಲಿದ್ದ ಪಾತ್ರವನ್ನು ರೂಪಕ್ಕೆ ತರುವುದೇ ಅಲ್ಲಿನ ಕೆಲಸ. ಇನ್ನು ಬೆಟ್ಟದ ಮೇಲಿನ ಮಹಿಷಾಸುರನನ್ನೇ ನೋಡಿ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ನಾಗರಹಾವು, ಮುಖದಲ್ಲಿ ಭಾರಿ ಮೀಸೆ. ಬಣ್ಣವನ್ನೆಲ್ಲ ಅಳಿಸಿ ಬರಿಯ ಕಪ್ಪು ಆಕಾರವನ್ನು ತೋರಿಸಿದರೂ ಚಿಕ್ಕ ಮಗು ಅವನ ಹೆಸರು ಹೇಳೀತು.

ಆಕಾರ ಬರೆಯುವುದನ್ನು ಹುಡುಗರು ಬೇಗ ಕಲಿಯುವರು. ಅವರು ಎಡವುವುದು ನೆರಳಿನಲ್ಲಿ. ಹೊಸದಾಗಿ ಕಲಿಯುವವನು ಮುಖದ ಅಂಚಿನ ಸುತ್ತಲೂ ಒಂದೇ ಸಮನಾಗಿ ಕಪ್ಪು ಸವರಿ, ನಡುವೆ ಬೆಳ್ಳಗೆ ಬಿಡುವನು. ಕೆನ್ನೆ ದಿಂಬಿನಂತೆ ಉಬ್ಬುತ್ತದೆ. ಮೂಗು ಇನ್ನೊಂದು ಚಿಕ್ಕ ದಿಂಬಾಗುತ್ತದೆ. ಚಿತ್ರ ನಯವಾಗಿರುತ್ತದೆ, ಆದರೆ ಆ ಮುಖದ ಮೇಲೆ ಯಾವ ಸೂರ್ಯನೂ ಉದಯಿಸಿರುವುದಿಲ್ಲ. ಅವನು ನೆರಳೆಂದರೆ ಕಪ್ಪು ಬಣ್ಣವೆಂದು ತಿಳಿದಿದ್ದಾನೆ. ಬೆಳಕಿಗೆ ಬೆನ್ನು ತಿರುಗಿಸಿದ ಭಾಗವೇ ನೆರಳು ಎಂಬುದು ಅವನಿಗಿನ್ನೂ ತಿಳಿದಿಲ್ಲ.

ಇದನ್ನು ಕಲಿಸಲು ಬೆಟ್ಟದ ನಂದಿಗಿಂತ ಒಳ್ಳೆಯ ಉಪಾಧ್ಯಾಯರು ದೊರೆಯುವುದು ಕಷ್ಟ. ದೊಡ್ಡದೇವರಾಜ ಒಡೆಯರ ಆಳ್ವಿಕೆಯಲ್ಲಿ (1659–1673) ಒಂದೇ ಬಂಡೆಯಲ್ಲಿ ಕಡೆಯಲ್ಪಟ್ಟ ಈ ವಿಗ್ರಹ ಸುಮಾರು 16 ಅಡಿ ಎತ್ತರ, 25 ಅಡಿ ಉದ್ದ ಇದೆ. ಬಿಸಿಲಿನ ಹೊತ್ತಿನಲ್ಲಿ ಅದರ ಬದಿಗೆ ನಿಂತು ನಿಧಾನವಾಗಿ ನೋಡಬೇಕು. ಬೆಳಕಿಗೆ ನೇರವಾಗಿರುವ ಬೆನ್ನಿನ ಮೇಲೆ ಹೊಳಪು. ಮೈ ತಿರುಗಿದಂತೆಲ್ಲ ಬೆಳಕು ಸ್ವಲ್ಪಸ್ವಲ್ಪವಾಗಿ ಕುಂದುತ್ತದೆ. ಎಲ್ಲಿ ಮೈ ಪೂರ್ತಿಯಾಗಿ ತಿರುಗಿತೋ ಅಲ್ಲಿ ಅತ್ಯಂತ ಗಾಢವಾದ ಪಟ್ಟಿ. ಆದರೆ ಅದರ ಕೆಳಗೆ, ಹೊಟ್ಟೆಯ ಬಳಿ, ಕತ್ತಲೆ ಮತ್ತೆ ತುಸು ತಿಳಿಯಾಗುತ್ತದೆ. ನೆಲದ ಮೇಲೆ ಬಿದ್ದ ಬಿಸಿಲು ಮೇಲಕ್ಕೆ ಚಿಮ್ಮಿ ಅಲ್ಲಿಗೆ ತಲುಪುತ್ತದೆ. ಕೊರಳ ಗಂಟೆಗಳು ಎದೆಯ ಮೇಲೆ ತಮ್ಮ ನೆರಳನ್ನು ಬೀಳಿಸುತ್ತವೆ. ಆ ನೆರಳಿನ ಅಂಚು ಚೂಪಾದುದು, ಮೈತಿರುವಿನ ನೆರಳಿನ ಅಂಚು ಮೃದುವಾದುದು. ಮನುಷ್ಯನ ಮುಖದಲ್ಲಿಯೂ ಇಷ್ಟೇ ಇರುವುದು. ಮೂಗಿನ ಕೆಳಗೆ ಬಿದ್ದ ನೆರಳಿಗೆ ಚೂಪಂಚು, ಕೆನ್ನೆಯ ತಿರುವಿಗೆ ಮೃದುವಾದ ಅಂಚು, ಗಲ್ಲದ ಕೆಳಗೆ ಚಿಮ್ಮಿದ ಬೆಳಕು. ಆ ಚಿಮ್ಮಿದ ಬೆಳಕು ಎಷ್ಟೇ ಚೆಲುವಾಗಿರಲಿ, ಬಿಸಿಲು ನೇರವಾಗಿ ಬಿದ್ದ ಭಾಗದ ಹೊಳಪನ್ನು ಮೀರಬಾರದು. ಎರವಲು ತಂದದ್ದು ಸ್ವಂತದ್ದಕ್ಕಿಂತ ಹೆಚ್ಚು ಮೆರೆಯಬಾರದಷ್ಟೆ.

ನಂದಿಯ ಬಳಿ ವಿಶ್ರಾಂತಿಗೆ ಕುಳಿತ ಮೂವರು ಗೆಳೆಯರನ್ನು ಕಲ್ಪಿಸಿಕೊಳ್ಳೋಣ. ಅವರಲ್ಲೊಬ್ಬ ಹುಡುಗಿ, ಕಾಲೇಜಿನಲ್ಲಿ ಓದುತ್ತಿರುವವಳು. ಅವಳು ಒಂದು ತಿಂಗಳು ಕುಳಿತು ಬರೆದ ಚಿತ್ರವನ್ನು ಇಂದು ಮೊದಲ ಬಾರಿಗೆ ತೋರಿಸುತ್ತಿದ್ದಾಳೆ. ಮೆಟ್ಟಿಲಿಗೆ ಬಾಗಿ ಅರಿಶಿನ ಹಚ್ಚುತ್ತಿರುವ ಮುದುಕಿಯ ಮುಖ ಅದು. ಆ ಮುದುಕಿ ಅವಳ ಅಜ್ಜಿ. ಹೋದ ವರ್ಷ ತೀರಿಕೊಂಡರು. ಮದುವೆ ಮುಂಜಿಗಳ ಫೋಟೋಗಳಲ್ಲಿ ಅವರು ಇದ್ದಾರೆ, ಮೆಟ್ಟಿಲ ಮೇಲೆ ತೆಗೆದದ್ದು ಒಂದೂ ಇಲ್ಲ. ಹಾಗಾಗಿ ಹುಡುಗಿ ನೆನಪಿನಿಂದಲೇ ಬರೆದಳು. ಮನೆಯಲ್ಲಿ ತೋರಿಸಿದಾಗ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಥೇಟ್ ನಮ್ಮಮ್ಮನೇ!” ಎಂದಿದ್ದರು.

ಗೆಳೆಯ ನೋಡಿ, “ಸೂಪರ್!” ಎಂದ. ಗೆಳತಿ ಬಹಳ ಹೊತ್ತು ಏನೂ ಹೇಳಲಿಲ್ಲ.

“ಏನೇ, ಚೆನ್ನಾಗಿಲ್ವಾ?”

“ಚೆನ್ನಾಗಿದೆ ಕಣೆ. ಕೈಯಂತೂ ತುಂಬ ಚೆನ್ನಾಗಿ ಬಂದಿದೆ. ಒಂದು ಮಾತು ಕೇಳ್ಲಾ? ಬೆಳಕು ಯಾವ ಕಡೆಯಿಂದ ಬರ್ತಿದೆ?”

ಹುಡುಗಿ ಉತ್ತರ ಕೊಡಲಿಲ್ಲ. ಹಲಗೆಯನ್ನು ಚೀಲದೊಳಗಿಟ್ಟು, “ಅದು ನಮ್ಮಜ್ಜಿ ಕಣೆ” ಎಂದಳು. ಮಿಕ್ಕ ಮೆಟ್ಟಿಲುಗಳನ್ನು ಒಬ್ಬಳೇ ಹತ್ತಿದಳು.

ಅವಳಿಗೆ ನೋವಾದುದು ಸಹಜ. ಆದರೆ ತಾಯಿ ಮತ್ತು ಗೆಳತಿ, ಇಬ್ಬರಲ್ಲಿ ಯಾರು ಹೇಳಿದುದು ನಿಜ? ಇಬ್ಬರು ಹೇಳಿದುದೂ ನಿಜವೇ. ತಾಯಿಯ ಕಣ್ಣಿನಲ್ಲಿ ಆ ಮುಖ ಮೊದಲೇ ಇದ್ದಿತು. ಚಿತ್ರದಲ್ಲಿ ಇಲ್ಲದ ಬೆಳಕನ್ನು ಅವರು ತಮ್ಮ ನೆನಪಿನಿಂದ ತಂದು ತುಂಬಿಕೊಂಡರು. ಬರೆದವಳೂ ಮಾಡಿದುದು ಅದನ್ನೇ. ಗೆಳತಿ ಆ ಅಜ್ಜಿಯನ್ನು ಕಂಡವಳಲ್ಲ. ಹಲಗೆಯ ಮೇಲೆ ಏನಿದೆಯೋ ಅಷ್ಟು ಮಾತ್ರ ಅವಳ ಪಾಲಿಗೆ ಬಂದಿತು. ನಾಳೆ ಆ ಚಿತ್ರವನ್ನು ನೋಡುವ ಅಪರಿಚಿತರೆಲ್ಲರ ಪಾಲಿಗೂ ಬರುವುದು ಅಷ್ಟೇ. ಅಜ್ಜಿಯನ್ನು ಅರಿಯದವರಿಗೂ ಅಜ್ಜಿ ಕಾಣಬೇಕಾದರೆ, ಅರಿಯದವಳೊಬ್ಬಳ ಕಣ್ಣನ್ನು ಮೊದಲು ಎರವಲು ಪಡೆಯಲೇಬೇಕು.

ತನ್ನ ಚಿತ್ರದ ದೋಷ ತನಗೇ ಕಾಣದಿರುವುದಕ್ಕೆ ಇನ್ನೊಂದು ಕಾರಣವೂ ಉಂಟು. ಒಂದನ್ನೇ ಬಹಳ ಹೊತ್ತು ನೋಡಿದ ಕಣ್ಣು ಅದಕ್ಕೆ ಒಗ್ಗಿಹೋಗುತ್ತದೆ. ಓರೆಯಾದುದೂ ನೆಟ್ಟಗೆ ಕಾಣುತ್ತದೆ. ಇದಕ್ಕೆ ಕಲಾವಿದರು ಬಹು ಹಿಂದಿನಿಂದಲೂ ಕನ್ನಡಿಯ ಸಹಾಯ ಪಡೆಯುತ್ತಿದ್ದರು. ಈಗಿನ ಹಲಗೆಯಲ್ಲಿ ಚಿತ್ರವನ್ನು ಎಡಬಲ ತಿರುಗಿಸುವ ಸೌಕರ್ಯವಿದೆ. ತಿರುಗಿಸಿದ ಕ್ಷಣದಲ್ಲಿಯೇ ಒಂದು ಕಣ್ಣು ಮೇಲೆ, ಒಂದು ಕಣ್ಣು ಕೆಳಗೆ ಇರುವುದು ಗೊತ್ತಾಗುತ್ತದೆ. ಬಣ್ಣವನ್ನು ತೆಗೆದು ಬರಿಯ ಕಪ್ಪು ಬಿಳುಪಿನಲ್ಲಿ ನೋಡುವುದು ಇನ್ನೊಂದು ಉಪಾಯ. ಸಾಧಾರಣ ಪರದೆ ಕಪ್ಪಿನಿಂದ ಬಿಳುಪಿನವರೆಗೆ 256 ಮೆಟ್ಟಿಲುಗಳನ್ನು ತೋರಿಸಬಲ್ಲದು. ಹೊಸಬರು ನಡುವಿನ ಕೆಲವನ್ನು ಮಾತ್ರ ಬಳಸಿ ಸುಮ್ಮನಾಗುವರು. ಮುಖವೆಲ್ಲ ಒಂದೇ ಬೂದಿಯಾಗಿ ಕಂಡರೆ, ಬಣ್ಣ ಎಷ್ಟೇ ಸೊಗಸಾಗಿದ್ದರೂ ಬೆಳಕಿಲ್ಲವೆಂದು ತಿಳಿಯಬೇಕು. ಆದರೆ ಯಂತ್ರ ಚಿತ್ರವನ್ನು ತಿರುಗಿಸೀತೇ ಹೊರತು, “ಬೆಳಕು ಯಾವ ಕಡೆಯಿಂದ?” ಎಂದು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳುವುದಕ್ಕೆ ಗೆಳತಿಯೇ ಬೇಕು.

ಆ ಪ್ರಶ್ನೆಗೆ ಚಿತ್ರದಲ್ಲಿಯೇ ಉತ್ತರ ಬೇಕೆನ್ನುವವರು ಬೆಟ್ಟದಿಂದಿಳಿದು ಜಗನ್ಮೋಹನ ಅರಮನೆಗೆ ಹೋಗಬಹುದು. 1861ರಲ್ಲಿ ಕಟ್ಟಿದ ಆ ಅರಮನೆ 1915ರಿಂದ ಕಲಾಶಾಲೆಯಾಗಿದೆ. ದೀಪ ಹಿಡಿದ ಹೆಣ್ಣುಮಗಳ ಚಿತ್ರವೊಂದು ಅಲ್ಲಿದೆ. ರವಿವರ್ಮ ಬರೆದುದೆಂದು ಅದನ್ನು ತೋರಿಸುವವರು ಇಂದಿಗೂ ಇದ್ದಾರೆ. ಆದರೆ ಅದು ಸಾವಂತವಾಡಿಯಿಂದ ಬಂದ ಸಾವಳಾರಾಮ ಲಕ್ಷ್ಮಣ ಹಳದಣಕರ (1882–1968) ಅವರ ಕೃತಿ. 1945–46ರ ಸುಮಾರಿನಲ್ಲಿ, ತಮ್ಮ ಮಗಳು ಗೀತಾಳನ್ನೇ ನಿಲ್ಲಿಸಿಕೊಂಡು ಬರೆದರು. ಇಡೀ ಚಿತ್ರಕ್ಕೆ ಇರುವುದು ಒಂದೇ ಬೆಳಕು, ಕೈಯಲ್ಲಿರುವ ದೀಪ. ಗಾಳಿಗೆ ಅಡ್ಡ ಹಿಡಿದ ಬೆರಳುಗಳು ದೀಪದ ಕಾಂತಿಯಿಂದ ಕೆಂಪಗೆ ಹೊಳೆಯುತ್ತವೆ. ಮುಖ ಕೆಳಗಿನಿಂದ ಬೆಳಗುತ್ತದೆ. ದೀಪದಿಂದ ದೂರವಾದುದೆಲ್ಲ ಕತ್ತಲೆಗೆ ಜಾರುತ್ತದೆ. ಅದು ಜಲವರ್ಣದ ಚಿತ್ರ ಎಂಬುದನ್ನೂ ನೆನೆಯಬೇಕು. ಜಲವರ್ಣದಲ್ಲಿ ಹಿಂದಕ್ಕೆ ಹೋಗುವ ಗುಂಡಿಯಿಲ್ಲ. ಒಮ್ಮೆ ಕಪ್ಪಾದ ಕಾಗದಕ್ಕೆ ಮೊದಲಿನ ಬಿಳುಪು ಬಾರದು. ಬೆಳಕು ಎಲ್ಲಿಂದ ಬರುತ್ತದೆ ಎಂಬುದನ್ನು ಕುಂಚ ಅದ್ದುವ ಮೊದಲೇ ನಿಶ್ಚಯಿಸಿಕೊಂಡಿರಬೇಕು. ಎಷ್ಟು ಬಾರಿ ಬೇಕಾದರೂ ತಿದ್ದಬಹುದಾದ ಇಂದಿನ ಹುಡುಗರು ಆ ನಿಶ್ಚಯವನ್ನೇ ಮುಂದೂಡುತ್ತ ಹೋಗುವುದು ವಿಚಿತ್ರವಲ್ಲವೆ?

ಇನ್ನು, ತಿದ್ದುವವರ ಧರ್ಮವೂ ಒಂದುಂಟು. ಎಲ್ಲಕ್ಕೂ “ಸೂಪರ್” ಎನ್ನುವವನು ಸ್ನೇಹಿತನೇ ಸರಿ, ಆದರೆ ಅವನಿಂದ ಕಲಿಯುವುದಕ್ಕೆ ಏನೂ ಇಲ್ಲ. “ಇದೇನು ಚಿತ್ರವೇ?” ಎನ್ನುವವನಿಂದಲೂ ಕಲಿಯುವುದಕ್ಕೆ ಏನೂ ಇಲ್ಲ, ಸ್ನೇಹವೂ ಉಳಿಯುವುದಿಲ್ಲ. “ಕೊಡು ಇಲ್ಲಿ, ನಾನೇ ಸರಿಮಾಡ್ತೀನಿ” ಎಂದು ಲೇಖನಿ ಕಸಿದುಕೊಳ್ಳುವವನು ಇವರಿಬ್ಬರಿಗಿಂತ ಅಪಾಯಕಾರಿ. ಅವನು ತಿದ್ದಿದ ಮೇಲೆ ಚಿತ್ರ ಉತ್ತಮವಾದೀತು, ಆದರೆ ಅದು ಅವನ ಚಿತ್ರವಾದೀತು. ತಿದ್ದಿ ತೋರಿಸಲೇಬೇಕಾದರೆ ಪ್ರತ್ಯೇಕವಾದ ಪದರದಲ್ಲಿ ತೋರಿಸುವುದು ಲೇಸು. ಬರೆದವರು ಆ ಪದರವನ್ನು ಹಾಕಿ ನೋಡಿ, ತೆಗೆದು ನೋಡಿ, ಬೇಕಾದುದನ್ನು ಸ್ವೀಕರಿಸುವರು. ಗೆಳತಿ ಮಾಡಿದುದು ಇವೆಲ್ಲಕ್ಕಿಂತ ಮಿಗಿಲು. ಯಾವುದು ಚೆನ್ನಾಗಿದೆ ಎಂಬುದನ್ನು ಹೆಸರಿಸಿ ಹೇಳಿದಳು. ತನಗೆ ಕಾಣದ ಒಂದೇ ಒಂದು ಸಂಗತಿಯನ್ನು ಪ್ರಶ್ನೆಯ ರೂಪದಲ್ಲಿ ಕೇಳಿದಳು. ಹತ್ತು ದೋಷಗಳನ್ನು ಒಟ್ಟಿಗೆ ಪಟ್ಟಿ ಮಾಡಿದ್ದರೆ ಕೇಳಿದವಳು ಒಂದನ್ನೂ ತಿದ್ದಲಾರಳು. ಮೂಲದೋಷ ಒಂದನ್ನು ಹಿಡಿದರೆ ಉಳಿದವು ಎಷ್ಟೋ ಮಟ್ಟಿಗೆ ತಾವಾಗಿಯೇ ಹಿಂದೆ ಬರುವುವು.

ಕೇಳುವವರಿಗೂ ಧರ್ಮವಿದೆ. ಮಾತನ್ನು ಒಂದು ರಾತ್ರಿ ಹಾಗೆಯೇ ಇಟ್ಟುಕೊಳ್ಳುವುದು. ಮಾರನೆಯ ದಿನ ಚಿತ್ರವನ್ನು ತೆರೆದು, ಆ ಪ್ರಶ್ನೆಯನ್ನು ತಾನೇ ಕೇಳಿಕೊಳ್ಳುವುದು. ಎಲ್ಲರ ಮಾತನ್ನೂ ಕೇಳಿ ಎಲ್ಲರಂತೆಯೂ ತಿದ್ದಿದರೆ, ಅಪ್ಪ ಮಗ ಕತ್ತೆಯನ್ನು ಹೊತ್ತು ನಡೆದ ಕಥೆಯಾದೀತು.

ನಮ್ಮ ಹುಡುಗಿಯೂ ಹಾಗೆಯೇ ಮಾಡಿದಳೆಂದು ಇಟ್ಟುಕೊಳ್ಳೋಣ. ನೆರಳಿನ ಪದರವನ್ನು ಪೂರ್ತಿಯಾಗಿ ಅಳಿಸಿದಳು. ಮುಂದಿನ ಭಾನುವಾರ ನಂದಿಯ ಬಳಿ ಒಂದು ಗಂಟೆ ಕುಳಿತಳು. ಚಿತ್ರ ಬರೆಯಲಿಲ್ಲ, ನೋಡಿದಳು. ಅರಿಶಿನ ಹಚ್ಚುತ್ತಿದ್ದ ಮುದುಕಿಯರನ್ನೂ ನೋಡಿದಳು. ಎಡದಿಂದ ಬಿಸಿಲು ಬೀಳುತ್ತಿದ್ದರೆ, ಬಾಗಿದ ಮುಖದ ಹಣೆಯ ಅಂಚು ಮಾತ್ರ ಬೆಳಗಿ, ಕಣ್ಣು ಕೆನ್ನೆಗಳು ನೆರಳಿನಲ್ಲಿರುತ್ತವೆ. ಹಾಗಿದ್ದರೂ ಗಲ್ಲದ ಕೆಳಗೆ ಹಳದಿಯ ಛಾಯೆಯೊಂದು ಇತ್ತು. ಅದು ಎಲ್ಲಿಂದ ಬಂದಿತೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು: ಆಗತಾನೆ ಅರಿಶಿನ ಹಚ್ಚಿದ ಮೆಟ್ಟಿಲಿನಿಂದ.

ಹೊಸ ಚಿತ್ರವನ್ನು ಮೊದಲು ಗೆಳತಿಗೆ ತೋರಿಸಿದಳು. “ಈಗ ಕೇಳು, ಬೆಳಕು ಯಾವ ಕಡೆಯಿಂದ?”

“ಕೇಳೋ ಹಾಗೇ ಇಲ್ವಲ್ಲೇ” ಎಂದಳು ಗೆಳತಿ.

ಮನೆಯಲ್ಲಿ ತಾಯಿ ಈ ಸಲ ಅಳಲಿಲ್ಲ. ಕನ್ನಡಕ ಹಾಕಿಕೊಂಡು ಹಲಗೆಯನ್ನು ಹತ್ತಿರಕ್ಕೆ ತಂದುಕೊಂಡು ನೋಡಿದರು. “ಅರ್ಧ ಬೆಟ್ಟ ಹತ್ತಿರಬೇಕು ಅಮ್ಮ. ಬಿಸಿಲು ಏರ್ತಾ ಇದೆ. ಇನ್ನು ಸ್ವಲ್ಪ ಹೊತ್ತಿಗೆ ನೀರು ಕೇಳ್ತಾರೆ ನೋಡು” ಎಂದರು.