ದೂರವಾಣಿಯೂ ಪ್ರಥಮ ಚಿಕಿತ್ಸೆಯೇ

ಕಾಡಂಚಿನ ಹೊಲಕ್ಕೆ ರಾತ್ರಿ ಕಾವಲಿಗೆ ಹೋದವನಿಗೆ ಹಾವು ಕಚ್ಚಿತೆನ್ನಿ. ವೈದ್ಯರ ಸಲಹೆ ಇಷ್ಟೇ: ಗಾಯ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ನಡೆಸಬೇಡಿ, ಕಚ್ಚಿದ ಅಂಗ ಅಲುಗದಂತೆ ನೋಡಿಕೊಂಡು ಬೇಗ ಆಸ್ಪತ್ರೆಗೆ ತನ್ನಿ. ರೋಗಿ ನಡೆಯಬಾರದೆಂದರೆ ವಾಹನ ಬರಬೇಕು. ವಾಹನ ಬರಬೇಕೆಂದರೆ ಕರೆ ಹೋಗಬೇಕು. ಆ ಕರೆಯೇ ಹೋಗದಿದ್ದರೆ?

ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ ಆರಂಭವಾದದ್ದು 2008ರಲ್ಲಿ. ಕರೆ ಉಚಿತ, ವಾಹನವೂ ಉಚಿತ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ನಿಷೇಧವಿದ್ದರೂ ಆಂಬುಲೆನ್ಸಿಗೆ ತಡೆಯಿಲ್ಲ. ಆದರೆ ಗುಂಡ್ಲುಪೇಟೆ ಕಡೆಯ ಹಾಡಿಯಲ್ಲಾಗಲಿ, ಬಿಳಿಗಿರಿರಂಗನ ಬೆಟ್ಟದ ಪೋಡಿನಲ್ಲಾಗಲಿ ಸಿಗ್ನಲ್ ಸಿಗದಿದ್ದರೆ ಈ ಉಚಿತ ಸೇವೆ ಕನ್ನಡಿಯೊಳಗಿನ ಗಂಟೇ ಸರಿ.

ದೂರಸಂಪರ್ಕದಿಂದ ಜೀವ ಉಳಿಯುತ್ತದೆಂಬುದು ಈ ಜಿಲ್ಲೆಗೆ ಹೊಸದಲ್ಲ. 2002ರಲ್ಲೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಗೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೂ ಸಂಪರ್ಕ ಏರ್ಪಟ್ಟಿತು. ಇಲ್ಲಿನ ರೋಗಿಯ ಇ.ಸಿ.ಜಿ. ನೋಡಿ ಅಲ್ಲಿನ ತಜ್ಞರು ಸಲಹೆ ಕೊಡುವಂತಾಯಿತು. ಆಸ್ಪತ್ರೆಯಿಂದ ಆಸ್ಪತ್ರೆಗೆ ಆಕಾಶಮಾರ್ಗ ತೆರೆಯಿತು. ಮನೆಯಿಂದ ಆಸ್ಪತ್ರೆಗೆ?

ಹಣವಿಲ್ಲವೆನ್ನುವಂತಿಲ್ಲ. ಸೇವೆ ತಲುಪದ ಊರುಗಳಿಗಾಗಿಯೇ 2002ರಿಂದ ದೂರಸಂಪರ್ಕ ಕಂಪನಿಗಳ ವರಮಾನದಲ್ಲಿ ಒಂದು ಪಾಲನ್ನು ಕೇಂದ್ರ ಸರ್ಕಾರ ಸಂಗ್ರಹಿಸುತ್ತಿದೆ. 2023ರ ಕಾಯ್ದೆ ಆ ನಿಧಿಗೆ ಡಿಜಿಟಲ್ ಭಾರತ್ ನಿಧಿ ಎಂದು ಹೆಸರಿಟ್ಟಿದೆ. ಸಂಪರ್ಕವಿಲ್ಲದ ದೇಶದ 24,680 ಹಳ್ಳಿಗಳಿಗೆ 4ಜಿ ಒದಗಿಸಲು 2022ರಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆಯೂ ದೊರೆಯಿತು.

ಹುಲಿ ಕಾಡಿನಲ್ಲಿ ಗೋಪುರಗಳೇಕೆ ಎಂಬ ಆಕ್ಷೇಪ ಸಹಜ. ಅದರಲ್ಲಿ ನ್ಯಾಯವೂ ಇದೆ. ಎಲ್ಲ ಕಡೆ ಗೋಪುರ ನಿಲ್ಲಿಸಬೇಕೆಂದು ಯಾರೂ ಕೇಳುತ್ತಿಲ್ಲ. ಸೌರಶಕ್ತಿಯಿಂದ ನಡೆಯುವ ಒಂದು ಉಪಗ್ರಹ ಫೋನು ಹಾಡಿಗೊಂದರಂತೆ ಆಶಾ ಕಾರ್ಯಕರ್ತೆಯ ಬಳಿಯೋ ಅಂಗನವಾಡಿಯಲ್ಲೋ ಇದ್ದರೆ ಸಾಕು. ಅದು ಬರುವವರೆಗೆ ಅರಣ್ಯ ಇಲಾಖೆಯ ವೈರ್‌ಲೆಸ್ ರೋಗಿಗಳಿಗೂ ಒದಗುವಂತೆ ಲಿಖಿತ ಆದೇಶವಾಗಲಿ.

ಸಿಗ್ನಲ್ ಇದ್ದರೂ ರೀಚಾರ್ಜಿಗೆ ಕಾಸಿಲ್ಲದ ಮನೆಗಳಿವೆ. ಇಂಟರ್‌ನೆಟ್ ಬೇಡದವರಿಗೆ ಮಾತು ಮತ್ತು ಎಸ್ಸೆಮ್ಮೆಸ್ಸಿಗಷ್ಟೇ ಪ್ರತ್ಯೇಕ ರೀಚಾರ್ಜ್ ಇರಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ವಿಧಿಸಿತು. ಅದು ಕೂಲಿಯವರ ಕೈಗೆಟುಕುವ ದರದಲ್ಲಿರಬೇಕು.

ಸರ್ಕಾರ ಮಾಡುವುದನ್ನು ಮಾಡಲಿ. ಮನೆಯಲ್ಲಿ ಗರ್ಭಿಣಿಯೋ ಹೃದ್ರೋಗಿಯೋ ಇದ್ದರೆ, ನಿಮ್ಮೂರಿನಲ್ಲಿ ಸಿಗ್ನಲ್ ಸಿಗುವ ಜಾಗ ಯಾವುದು, ರಾತ್ರಿ ಅಲ್ಲಿಗೆ ಓಡುವವರಾರು ಎಂಬುದನ್ನು ಇಂದೇ ಗೊತ್ತುಮಾಡಿಕೊಳ್ಳಿ. ಕುಡಿಯುವ ನೀರಿಗಾಗಿ ಗ್ರಾಮಸಭೆಯಲ್ಲಿ ದನಿಯೆತ್ತುವ ನಾವು ಇದಕ್ಕೂ ಎತ್ತಬೇಡವೇ?